ಕಂಬದ ಮೇಲಿರುವವನ ಪರವಾಗಿ: ನಮ್ಮ ಫೀಡರ್‌ನ ಗ್ರಾಹಕರೆಲ್ಲರಿಗೆ ಒಂದು ಬಹಿರಂಗ ಪತ್ರ

ಒಂದೇ ಫೀಡರ್‌ನಿಂದ, ಅಂದರೆ ಒಂದೇ ವಿದ್ಯುತ್ ಲೈನಿನಿಂದ, ಕರೆಂಟ್ ಪಡೆಯುವ ನಮ್ಮ ಊರಿನ ಮತ್ತು ಅಕ್ಕಪಕ್ಕದ ಹಳ್ಳಿಗಳ ಬಳಕೆದಾರರೇ, ಹಾಗೆಯೇ ವಿದ್ಯುತ್ ಕಂಪನಿಯ ಅಧಿಕಾರಿಗಳೇ,

ನಮಸ್ಕಾರ.

ಕಳೆದ ವಾರದ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು, “ಈ ಲೈನ್‌ಮನ್‌ಗಳಿಗೆ ಕೊಡುವ ಸಂಬಳವೇ ದಂಡ. ಮಳೆ ಶುರುವಾದರೆ ಫೋನ್ ಸಹ ಎತ್ತುವುದಿಲ್ಲ” ಎಂದರು. ಹಲವರು ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಎದ್ದು ಮಾತಾಡಬೇಕೆಂದುಕೊಂಡವಳಿಗೆ ಗಂಟಲು ಕಟ್ಟಿತು, ಸುಮ್ಮನೆ ಮನೆಗೆ ಬಂದೆ. ಅಂದಿನಿಂದ ಆ ಚಪ್ಪಾಳೆಯ ಸದ್ದು ನನ್ನನ್ನು ಬಿಟ್ಟಿಲ್ಲ. ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಪುನರ್ವಸು ಮಳೆ ನಿಮಗೆಲ್ಲ ನೆನಪಿದೆ. ಐದು ದಿನ ಕರೆಂಟ್ ಇರಲಿಲ್ಲ. ಬಾವಿಯ ಪಂಪು ನಿಂತಿತ್ತು, ಹಿಟ್ಟಿನ ಗಿರಣಿ ನಿಂತಿತ್ತು, ಹೆಚ್ಚಿನ ಮೊಬೈಲುಗಳು ಸತ್ತುಹೋಗಿದ್ದವು. ಐದನೆಯ ದಿನ ರಾತ್ರಿ ಎಂಟೂವರೆಯ ಸುಮಾರಿಗೆ ಬೆಳಕು ಬಂತು. ಕೆಳಗಿನ ಕೇರಿಯಿಂದ ಮೇಲಿನ ಕೇರಿಯವರೆಗೆ ಮಕ್ಕಳು “ಬಂತು!” ಎಂದು ಕೂಗಿದ್ದು ನಮ್ಮ ಮನೆಯ ಜಗುಲಿಗೂ ಕೇಳಿಸಿತು. ಆ ಹೊತ್ತಿನಲ್ಲಿ ಜಗುಲಿಯ ಕಟ್ಟೆಯ ಮೇಲೆ ಒಬ್ಬ ಹುಡುಗ ಕುಳಿತಿದ್ದ. ಆ ಬೆಳಕನ್ನು ತಂದವನು ಅವನು. ಅವನಿಗೆ ನಾನು ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟೆ. ಅವನಿಗೆ ಹಿಡಿಯಲು ಆಗಲಿಲ್ಲ. ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡು ಬಿಗಿದುಹೋಗಿದ್ದವು, ಅಂಗೈ ಬಿಚ್ಚುತ್ತಿರಲಿಲ್ಲ. “ಅಲ್ಲೇ ಇಡಿ ಅಮ್ಮಾ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ” ಎಂದು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ಕಾಫಿಯ ಮೇಲೆ ಕೆನೆ ಕಟ್ಟುವವರೆಗೂ ಕಾದ.

ಆ ಕೈಗಳು ಯಾಕೆ ಹಾಗಾದವು ಎಂಬುದನ್ನು ನಾನು ಬೆಳಗ್ಗೆಯಿಂದ ಸಂಜೆಯವರೆಗೆ ಕಣ್ಣಾರೆ ಕಂಡಿದ್ದೇನೆ. ಯಾಕೆಂದರೆ ಕಂಬ ಮುರಿದಿದ್ದು ನಮ್ಮ ತೋಟದಲ್ಲೇ.

ತೋಟದ ಅಂಚಿನ ನೆಡುತೋಪಿನ ಅಕೇಶಿಯಾ ಮರ ಬೇರು ಸಮೇತ ಮಗುಚಿ 11 ಕೆವಿ, ಅಂದರೆ 11,000 ವೋಲ್ಟಿನ, ಲೈನಿನ ಮೇಲೆ ಬಿದ್ದಿತ್ತು. ಅಕೇಶಿಯಾದ ಬೇರು ಆಳಕ್ಕೆ ಹೋಗುವುದಿಲ್ಲ. ಮಣ್ಣು ನೆನೆದು ಗಾಳಿ ಬೀಸಿದರೆ ಅದು ನಿಲ್ಲುವ ಮರವಲ್ಲ. ಒಂದು ಕಂಬ ಬುಡದಲ್ಲೇ ತುಂಡಾಗಿತ್ತು, ಪಕ್ಕದ್ದು ವಾಲಿತ್ತು, ಮೂರೂ ತಂತಿಗಳು ಅಡಿಕೆ ಮರಗಳ ಮೇಲೆ ಜೋತುಬಿದ್ದಿದ್ದವು. ಹೊಸ ಕಂಬ ತಂದ ಲಾರಿ ರಸ್ತೆಯಲ್ಲೇ ನಿಂತಿತು. ಅಲ್ಲಿಂದ ನಮ್ಮ ತೋಟಕ್ಕೆ ಮುಕ್ಕಾಲು ಕಿಲೋಮೀಟರ್ ದಾರಿ. ಅರ್ಧ ಗದ್ದೆಯ ಅಂಚು, ಅರ್ಧ ಇಳಿಜಾರು, ನಡುವೆ ಒಂದು ಹಳ್ಳ. ಕಾಂಕ್ರೀಟ್ ಕಂಬವೊಂದರ ತೂಕ ಮುನ್ನೂರು ಕಿಲೋಗಿಂತ ಮೇಲೆ. ಅದಕ್ಕೆ ಹಗ್ಗ ಬಿಗಿದು, ಹಗ್ಗದೊಳಗೆ ಬಿದಿರಿನ ಗಳ ತೂರಿಸಿ, ಜೋಡಿ ಜೋಡಿಯಾಗಿ ಹತ್ತು ಗಂಡಸರು ಹೆಗಲು ಕೊಟ್ಟರು. ಮೂವರು ಕಂಪನಿಯವರು, ನಾಲ್ವರು ಗುತ್ತಿಗೆಯವರು, ಉಳಿದವರು ನಮ್ಮ ಊರಿನವರು. ಅವರಲ್ಲಿ ಒಬ್ಬ ನನ್ನ ಮಗ.

ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಲ್ಲಿ ಪ್ರತಿದಿನ ಜಿಮ್‌ಗೆ ಹೋಗುತ್ತಾನೆ, ಗಟ್ಟಿಮುಟ್ಟಾಗಿದ್ದಾನೆ. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಬಂದವನು ಕರೆಂಟಿಲ್ಲದೆ ಚಡಪಡಿಸುತ್ತಿದ್ದ. ಕಂಬ ಬಂದಿದೆ ಎಂದು ತಿಳಿದೊಡನೆ ಪಂಚೆ ಎತ್ತಿಕಟ್ಟಿ ಹೊರಟ. ರಾತ್ರಿ ಅವನ ಬಲಹೆಗಲು ಊದಿಕೊಂಡು ಕೆಂಪಾಗಿತ್ತು. ಬಿಸಿನೀರಿನ ಶಾಖ ಕೊಡುವಾಗ ಅವನು ಹೇಳಿದ ಮಾತನ್ನು ನಿಮ್ಮ ಮುಂದಿಡಬೇಕು. “ಅಮ್ಮಾ, ಜಿಮ್‌ನಲ್ಲಿ ಎತ್ತುವ ತೂಕಕ್ಕೆ ಹಿಡಿ ಇರುತ್ತದೆ, ನೆಲ ಒಣಗಿರುತ್ತದೆ, ಸಾಕೆನಿಸಿದರೆ ಕೆಳಗಿಡಬಹುದು. ಕಂಬವನ್ನು ಒಬ್ಬನೇ ಇಳಿಸುವ ಹಾಗಿಲ್ಲ. ನಾನು ಹೆಗಲು ತಪ್ಪಿಸಿದರೆ ಆ ಭಾರ ಪಕ್ಕದವನ ಕುತ್ತಿಗೆಯ ಮೇಲೆ ಹೋಗುತ್ತದೆ.” ಅವನು ಆ ದಿನ ಕಲಿತ ಪಾಠ ಅವನ ಓದಿನಲ್ಲಿ ಎಲ್ಲೂ ಇರಲಿಲ್ಲ ಎಂದು ನನಗೆ ಅನ್ನಿಸಿತು.

ಹಳ್ಳ ದಾಟುವಾಗ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ನೀರು ಮೊಣಕಾಲಿಗೆ ಬಂದಿತ್ತು. ಮುಂದಿನ ಜೋಡಿಯವರು ಕಾಲಿನಿಂದ ತಡಕಿ ತಡಕಿ ಕಲ್ಲು ಹುಡುಕುತ್ತಿದ್ದರು. ಅವರಲ್ಲಿ ಹಿರಿಯವರೊಬ್ಬರು “ಐಸಾ” ಎಂದಾಗ ಒಂದು ಹೆಜ್ಜೆ, ಮತ್ತೆ “ಐಸಾ” ಎಂದಾಗ ಇನ್ನೊಂದು. ಹತ್ತು ಜನರ ಇಪ್ಪತ್ತು ಕಾಲುಗಳು ಒಂದೇ ಪ್ರಾಣಿಯ ಕಾಲುಗಳಂತೆ ಎದ್ದವು, ಊರಿದವು. ಮೀನಖಂಡಗಳ ನರಗಳು ಹುರಿಗೊಂಡು ಎದ್ದಿದ್ದವು. ಉಂಬಳ ಹತ್ತಿ ರಕ್ತ ಇಳಿಯುತ್ತಿದ್ದರೂ ಒಬ್ಬನೂ ಕೈ ಬಿಟ್ಟು ಬಗ್ಗಲಿಲ್ಲ. ಅದನ್ನು ಸುಂದರ ಎಂದು ಕರೆಯಲು ನನಗೆ ಸಂಕೋಚವಿಲ್ಲ. ದೇವರ ಪಲ್ಲಕ್ಕಿ ಹೊತ್ತವರನ್ನು ನಾವು ದಾರಿ ಬಿಟ್ಟು ಕೈಮುಗಿದು ನೋಡುತ್ತೇವೆ. ಆ ದಿನ ನಾನು ಹಾಗೆಯೇ ನಿಂತಿದ್ದೆ.

ಗುಂಡಿ ತೋಡುವುದು ಬೇರೆಯೇ ಕಷ್ಟ. ಕಂಬದ ಉದ್ದದ ಸುಮಾರು ಆರನೇ ಒಂದು ಭಾಗ ಮಣ್ಣಿನೊಳಗೆ ಇರಬೇಕಂತೆ. ಆಳು ಎದೆಮಟ್ಟ ಇಳಿಯುವ ಗುಂಡಿ. ತೋಡಿದಷ್ಟೂ ನೀರು ಒಸರುತ್ತಿತ್ತು. ಒಬ್ಬ ಹಾರೆ ಹಾಕುತ್ತಿದ್ದರೆ ಇನ್ನೊಬ್ಬ ನಮ್ಮ ಮನೆಯ ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದ. ಆಮೇಲೆ ಮೂರು ಕಡೆಯಿಂದ ಹಗ್ಗ ಹಿಡಿದು, ಕತ್ತರಿಯ ಹಾಗೆ ಕಟ್ಟಿದ ಗಳಗಳಿಂದ ಒತ್ತುಕೊಟ್ಟು ಕಂಬವನ್ನು ನಿಲ್ಲಿಸಿದರು. ಒಂದು ಹಗ್ಗದವರು ಒಂದು ಕ್ಷಣ ಸಡಿಲಬಿಟ್ಟರೂ ಎದುರಿಗಿರುವವರ ತಲೆಯ ಮೇಲೆ ಅದು ಬರುತ್ತದೆ. ಒಬ್ಬರೂ ಸಡಿಲಬಿಡಲಿಲ್ಲ.

ಅಷ್ಟಾದ ಮೇಲೆ ಆ ಹುಡುಗ ಹತ್ತಿದ. ಹೆಸರು ಬರೆಯುವುದಿಲ್ಲ, ಅವನಿಗೆ ಅದು ಇಷ್ಟವಾಗದು. ವಿಜಯಪುರದ ಕಡೆಯವನು. ನಮ್ಮ ಮಲೆನಾಡಿನ ಎಷ್ಟೋ ಪವರ್‌ಮ್ಯಾನ್‌ಗಳು, ಅಂದರೆ ಲೈನ್‌ಮನ್‌ಗಳು, ಬಯಲುಸೀಮೆಯಿಂದ ಬಂದವರು ಎಂಬುದನ್ನು ನೀವು ಗಮನಿಸಿರಬಹುದು. “ನಮ್ಮೂರಿನಲ್ಲಿ ನಾಲ್ಕು ವರ್ಷಕ್ಕೆ ಬೀಳುವ ಮಳೆ ನಿಮ್ಮಲ್ಲಿ ಒಂದೇ ವರ್ಷಕ್ಕೆ ಬೀಳುತ್ತದೆ ಅಮ್ಮಾ” ಎಂದು ಅವನು ಹೇಳಿದ್ದ. ಕೆಲಸಕ್ಕೆ ಸೇರಿದ ಮೊದಲ ವರ್ಷ ಉಂಬಳ ಕಂಡು ಹೆದರಿ ಅರಚಿದ್ದನಂತೆ. ಈಗ ಅವನ ಜೇಬಿನಲ್ಲಿ ಸುಣ್ಣದ ಡಬ್ಬಿ ಇರುತ್ತದೆ. ಸೊಂಟಕ್ಕೆ ಬೆಲ್ಟು, ಕಾಲಿನಲ್ಲಿ ನೆನೆದ ಬೂಟು, ಮೈಮೇಲೆ ಹರಿದ ರೇನ್‌ಕೋಟು. ಹಸಿ ಕಂಬವನ್ನು ಎರಡು ಅಂಗೈಗಳಲ್ಲಿ ಒತ್ತಿಹಿಡಿದು, ತೊಡೆಗಳನ್ನು ಬಿಗಿದು, ಮೇಲೇರಿದ. ಮೇಲೆ ಹೋದವನು ಎರಡು ಗಂಟೆಗೂ ಹೆಚ್ಚು ಹೊತ್ತು ಇಳಿಯಲಿಲ್ಲ. ಕಬ್ಬಿಣದ ಅಡ್ಡಪಟ್ಟಿಯನ್ನು ಹಗ್ಗದಲ್ಲಿ ಮೇಲಕ್ಕೆಳೆದುಕೊಂಡ, ಬೋಲ್ಟು ಬಿಗಿದ, ಪಿಂಗಾಣಿಯ ಇನ್ಸುಲೇಟರ್‌ಗಳನ್ನು ಕೂರಿಸಿದ, ಒಂದೊಂದೇ ತಂತಿಯನ್ನು ಎತ್ತಿ ಕಟ್ಟಿದ. ಬೆಲ್ಟು ಸೊಂಟವನ್ನು ಹಿಡಿದುಕೊಳ್ಳುತ್ತದೆ ಅಷ್ಟೆ. ದೇಹದ ಭಾರವನ್ನೆಲ್ಲ ಕಾಲುಗಳೇ ಹೊರಬೇಕು, ಬಿಗಿಯುವ ಕೆಲಸವನ್ನೆಲ್ಲ ಕೈಗಳೇ ಮಾಡಬೇಕು. ಅದೂ ತಲೆಯ ಮಟ್ಟದಲ್ಲಿ, ಮುಖದ ಮೇಲೆ ಮಳೆ ಹೊಡೆಯುತ್ತಿರುವಾಗ. ನೀವು ಒಮ್ಮೆ ಎರಡು ಕೈಗಳನ್ನು ತಲೆಯ ಮಟ್ಟಕ್ಕೆ ಎತ್ತಿ ಹತ್ತು ನಿಮಿಷ ಹಾಗೇ ಹಿಡಿದು ನೋಡಿ. ನಾನು ಹಿಡಿದು ನೋಡಿದ್ದೇನೆ. ನಾಲ್ಕು ನಿಮಿಷಕ್ಕೆ ಭುಜ ಸೋತಿತು.

ಕೆಳಗಿನಿಂದ ನೋಡಿದರೆ ತೆಳ್ಳಗೆ ಕಾಣುವ ಆ ತಂತಿಯ ಭಾರವೂ ನಮಗೆ ಗೊತ್ತಿಲ್ಲ. ಈ ತಂತಿಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾರೆ. ತೆಳುವಾದದ್ದು ಸ್ಕ್ವಿರಲ್, ಅಂದರೆ ಅಳಿಲು. ಅದಕ್ಕಿಂತ ದಪ್ಪದ್ದು ವೀಸಲ್, ಇನ್ನೂ ದಪ್ಪದ್ದು ರ‍್ಯಾಬಿಟ್, ಮೊಲ. ರ‍್ಯಾಬಿಟ್ ತಂತಿ ಒಂದು ಕಿಲೋಮೀಟರಿಗೆ 214 ಕಿಲೋ ತೂಗುತ್ತದೆ. ಅದನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಜೋತು ಬೀಳದಂತೆ ಎಳೆದು ಬಿಗಿಯುವಾಗ ಕೆಳಗೆ ಆರು ಮಂದಿ ಹಗ್ಗಕ್ಕೆ ಬಿದ್ದಿದ್ದರು, ಹಿಮ್ಮಡಿ ಕೆಸರಿನಲ್ಲಿ ಹೂತುಹೋಗಿತ್ತು.

ಫೋನ್ ಎತ್ತುವುದಿಲ್ಲ ಎಂದವರಿಗೆ ಇಲ್ಲೇ ಒಂದು ಮಾತು. ಅವನ ಫೋನ್ ನಮ್ಮ ಜಗುಲಿಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅವನು ಕಂಬದ ಮೇಲಿದ್ದ ಆ ಎರಡು ಗಂಟೆಗಳಲ್ಲಿ ಅದು ಹೊಡೆದುಕೊಳ್ಳುತ್ತಲೇ ಇತ್ತು. ಒಂದು ಸಲ ನಾನೇ ಎತ್ತಿದೆ. ಆ ಕಡೆಯವರು ನನ್ನ ದನಿ ಕೇಳುವುದಕ್ಕೂ ಮೊದಲೇ ಅವನ ತಾಯಿಯನ್ನು ಸೇರಿಸಿ ಬೈದರು. ಬೈದವರ ದನಿ ನನಗೆ ಪರಿಚಿತ. ಅವರೂ ಈ ಪತ್ರ ಓದುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಐದು ದಿನ ಕತ್ತಲಲ್ಲಿ ಕುಳಿತ ಯಾರಿಗಾದರೂ ತಾಳ್ಮೆ ತಪ್ಪುತ್ತದೆ. ಆದರೆ ಆ ಬೈಗುಳ ಹೋಗಿ ತಲುಪಬೇಕಾಗಿದ್ದವನು ಆಗ ನಿಮ್ಮ ಮನೆಗಾಗಿಯೇ ಮೇಲೆ ನಿಂತು ಮಳೆಯಲ್ಲಿ ನೆನೆಯುತ್ತಿದ್ದ ಎಂಬುದು ನಿಮಗೆ ಗೊತ್ತಾಗಬೇಕು.

ಗಂಡಸರ ಮೈಬಲವನ್ನು ಹೊಗಳಿ ಬರೆಯುವುದು ಈಗ ಅಷ್ಟಾಗಿ ರೂಢಿಯಲ್ಲಿಲ್ಲ. ಅದಕ್ಕೆ ಕಾರಣವಿದೆ. ಆ ಬಲದ ಕೆಟ್ಟ ಮುಖವನ್ನು ನಾನೂ ಕಂಡಿದ್ದೇನೆ. ಕುಡಿದು ಬಂದು ಹೆಂಡತಿಯ ಮೇಲೆ ಕೈ ಎತ್ತಿದವರನ್ನು, ಬೇಲಿಯ ಜಗಳಕ್ಕೆ ಕತ್ತಿ ಹಿಡಿದವರನ್ನು ನೋಡಿದ್ದೇನೆ. ಅಂಥ ಮನೆಯೊಂದರ ಹೆಂಗಸನ್ನು ರಾತ್ರಿಯಿಡೀ ನಮ್ಮ ಮನೆಯಲ್ಲಿ ಕೂರಿಸಿಕೊಂಡು ಕಾದಿದ್ದೇನೆ. ಹಾಗಾಗಿ ಬಲ ಎಂದೊಡನೆ ನಾವು ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ. ಆದರೆ ಅದೇ ಬಲವನ್ನು ಇನ್ನೊಬ್ಬರ ಮನೆಯ ದೀಪಕ್ಕಾಗಿ, ನೀರಿಗಾಗಿ, ಅನ್ನಕ್ಕಾಗಿ ದಿನವಿಡೀ ಖರ್ಚು ಮಾಡುವ ಗಂಡಸರು ನಮ್ಮ ಸುತ್ತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿದ್ದಾರೆ. ಅವರನ್ನು ಗುರುತಿಸಿ ಹೊಗಳದೆ ಇದ್ದರೆ, ಬೆಳೆಯುವ ಗಂಡುಮಕ್ಕಳಿಗೆ ಬಲ ಎಂದರೆ ಯಾವುದು ಎಂದು ತೋರಿಸುವುದು ಹೇಗೆ? ಹೆಂಗಸರ ಶ್ರಮವನ್ನು ಇದರಿಂದ ಕಡಿಮೆ ಮಾಡಿದಂತಾಗುವುದಿಲ್ಲ. ಆ ದಿನ ಹದಿನಾಲ್ಕು ಜನರಿಗೆ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ ಮಾಡಿ ಬಡಿಸಿದ್ದು ನಾನು ಮತ್ತು ನನ್ನ ನಾದಿನಿ. ಕರೆಂಟಿಲ್ಲದ ಐದು ದಿನ ಬಾವಿಯಿಂದ ಕೊಡದಲ್ಲಿ ನೀರು ಸೇದಿದವರೂ ನಾವೇ. ನಮಗೆ ನಮ್ಮ ತೋಳಿನ ಅಳತೆ ಗೊತ್ತು. ಗೊತ್ತಿರುವುದರಿಂದಲೇ ಕಂಬದ ಮೇಲಿನ ತೋಳಿನ ಬೆಲೆಯೂ ಗೊತ್ತಾಗುತ್ತದೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಊರಿಗೆ ಕರೆಂಟ್ ಬಂದು ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಬಡವರ ಮನೆಗಳಲ್ಲಿ ಭಾಗ್ಯಜ್ಯೋತಿಯ ಒಂಟಿ ಬಲ್ಬು ಉರಿಯುತ್ತಿತ್ತು. ನಮ್ಮ ಮಾವನವರ ಎಡಹೆಗಲ ಮೇಲೆ ಅಂಗೈಯಗಲದ ಒರಟು ಚರ್ಮವಿತ್ತು, ದನದ ಹೆಗಲ ಮೇಲೆ ನೊಗದ ಗುರುತಿನಂತೆ. ಊರಿಗೆ ಲೈನ್ ಎಳೆದ ವರ್ಷ ಘಟ್ಟದ ಬುಡದಿಂದ ಕಂಬ ಹೊತ್ತಿದ್ದರಂತೆ. ಒಂದು ಬೇಸಿಗೆಯಿಡೀ, ಕೂಲಿಯಿಲ್ಲದೆ, ಊರಿನ ಎಲ್ಲ ಮನೆಗಳ ಗಂಡಸರೂ ಸರದಿಯಂತೆ. ಆ ಗುರುತನ್ನು ಅವರು ಸಾಯುವವರೆಗೂ ಆಗಾಗ ಸವರಿಕೊಳ್ಳುತ್ತಿದ್ದರು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು ಎಂದು ಶಾಲೆಯಲ್ಲಿ ಓದಿದ್ದೇವೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು ನಮಗೆಲ್ಲ ಬಾಯಿಪಾಠ. ಆ 147 ಕಿಲೋಮೀಟರ್ ಉದ್ದಕ್ಕೂ ಕಂಬ ನೆಟ್ಟು ತಂತಿ ಎಳೆದವರ ಒಂದು ಹೆಸರನ್ನೂ ನಾನು ಎಲ್ಲೂ ಓದಿಲ್ಲ. ನಮ್ಮದೇ ಜಿಲ್ಲೆಯ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಿಂದ 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ಅದರ ಯಂತ್ರಗಳ ದೊಡ್ಡ ದೊಡ್ಡ ಚಿತ್ರಗಳನ್ನು ನೋಡಿದ್ದೇವೆ. ಆ ಶಕ್ತಿ ನಮ್ಮ ಅಡುಗೆಮನೆಯ ಮಿಕ್ಸಿಗೆ ಬಂದು ಮುಟ್ಟುವ ಕೊನೆಯ ಐದು ಕಿಲೋಮೀಟರ್ ಮಾತ್ರ ಇಂದಿಗೂ ಮನುಷ್ಯನ ಕೈಕಾಲಿನ ಮೇಲೆ ನಿಂತಿದೆ.

ಈಗ ಕಂಪನಿಯ ಅಧಿಕಾರಿಗಳಲ್ಲಿ ಕೆಲವು ಮಾತು.

ನೀವು ಈ ಹುಡುಗರ ಬಲವನ್ನು ಅಳೆದೇ ತೆಗೆದುಕೊಳ್ಳುತ್ತೀರಿ. 2024ರ ಅಕ್ಟೋಬರ್‌ನಲ್ಲಿ ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕರ ಹುದ್ದೆಗಳಿಗೆ ಅರ್ಜಿ ಕರೆದಾಗ ನಮ್ಮ ಊರಿನ ಇಬ್ಬರು ಹುಡುಗರು ಹಾಕಿದ್ದರು. ಶಾಲೆಯ ಮೈದಾನದಲ್ಲಿ ಅವರು ಬೆಳಗಿನ ಜಾವ ಅಭ್ಯಾಸ ಮಾಡುವುದನ್ನು ನೋಡಲು ನಾನು ಹಾಲು ಡೇರಿಗೆ ಹೋಗುವ ದಾರಿಯಲ್ಲಿ ನಿಲ್ಲುತ್ತಿದ್ದೆ. 8 ಮೀಟರ್ ಎತ್ತರದ ಕಂಬ ಹತ್ತುವುದು ಕಡ್ಡಾಯ. 100 ಮೀಟರ್ ಓಟ 14 ಸೆಕೆಂಡಿನಲ್ಲಿ, 800 ಮೀಟರ್ ಓಟ 3 ನಿಮಿಷದಲ್ಲಿ, ಒಂದು ನಿಮಿಷಕ್ಕೆ 50 ಸಲ ಹಗ್ಗದಾಟ, 12 ಪೌಂಡಿನ ಗುಂಡನ್ನು 8 ಮೀಟರ್ ದೂರಕ್ಕೆ ಎಸೆಯುವುದು. ಅಳತೆ ಸರಿಯಾಗಿಯೇ ಇದೆ, ಕೆಲಸವೇ ಅಂಥದ್ದು. ನನ್ನ ಪ್ರಶ್ನೆ ಅದರ ಮುಂದಿನದು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಣ ಕಂಬದ ಮೇಲೆ ಅಳೆದ ಬಲ, ಐವತ್ತನೆಯ ವಯಸ್ಸಿನಲ್ಲಿ ಸತತ ಹದಿನಾರು ಗಂಟೆ ಕೆಲಸ ಮಾಡಿದ ಮೇಲೆ ನೆನೆದ ಕಂಬದ ಮೇಲೆ ಎಷ್ಟು ಉಳಿದಿರುತ್ತದೆ? ಅದನ್ನು ಯಾರು ಅಳೆಯುತ್ತಾರೆ? ನಮ್ಮ ತೋಟಕ್ಕೆ ಬಂದ ಹಿರಿಯ ಪವರ್‌ಮ್ಯಾನ್‌ಗೆ ಮೊಣಕಾಲು ಹಿಡಿದಿತ್ತು. ಅವರು ಹತ್ತಲು ಹೊರಟಾಗ ಆ ಹುಡುಗ ಅವರ ಕೈಯಿಂದ ಬೆಲ್ಟು ಕಸಿದುಕೊಂಡು ತಾನೇ ಕಟ್ಟಿಕೊಂಡ, “ನೀವು ಕೆಳಗೆ ಇರಿ ಅಣ್ಣಾ, ನೀವು ಕೆಳಗಿದ್ದರೇನೇ ನನಗೆ ಧೈರ್ಯ” ಎಂದ. ಬೆಳಗ್ಗೆ ಆರಕ್ಕೆ ಇನ್ನೊಂದು ಹಳ್ಳಿಯಲ್ಲಿ ಕಂಬ ಹತ್ತಿ ಬಂದಿದ್ದವನು ಅವನು.

ಬಲ ಎಂದರೆ ಬರೀ ಹಿಡಿತವಲ್ಲ ಎಂಬುದನ್ನೂ ನಾನು ಆ ಹಿರಿಯವರಿಂದ ಕಲಿತೆ. ಕೆಲಸ ಶುರುವಾಗುವ ಮುಂಚೆ ವಿದ್ಯುತ್ ಸ್ಟೇಷನ್ನಿನಿಂದ ಎಲ್‌ಸಿ ಬರಬೇಕು, ಅಂದರೆ ಲೈನ್ ಕ್ಲಿಯರ್: ಲೈನಿನ ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಎಂಬ ಅನುಮತಿ. ಆ ಹೊತ್ತಿಗೆ ಫೋನಿಗೆ ಸಿಗ್ನಲ್ ಇನ್ನೂ ಬಾರದೆ ಅದು ತಡವಾಯಿತು. ಸುತ್ತ ನಿಂತಿದ್ದ ನಮ್ಮ ಊರಿನವರು, “ಐದು ದಿನದಿಂದ ಕರೆಂಟೇ ಇಲ್ಲ, ಹತ್ತಿ ಬಿಡಿ, ಏನಾಗುತ್ತದೆ” ಎಂದು ಒತ್ತಾಯಿಸಿದರು. ಆ ಹಿರಿಯವರು ಹತ್ತಲು ಬಿಡಲಿಲ್ಲ. ಒಬ್ಬನನ್ನು ಬೈಕಿನಲ್ಲಿ ಗುಡ್ಡದ ತುದಿಗೆ ಕಳುಹಿಸಿ, ಎಲ್‌ಸಿ ಖಚಿತಪಡಿಸಿಕೊಂಡು, ಮೂರೂ ತಂತಿಗಳ ಸಂಪರ್ಕವನ್ನು ಒಟ್ಟಿಗೆ ಕಡಿಯುವ ಜಿಒಎಸ್ ಸ್ವಿಚ್ಚಿನ ಹಿಡಿ ಇಳಿಸಿ, ಕೆಲಸದ ಜಾಗದ ಎರಡೂ ಬದಿಗೆ ತಂತಿಗೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡ್ ಸಿಕ್ಕಿಸಿದ ಮೇಲೆಯೇ ಹುಡುಗನಿಗೆ ತಲೆಯಾಡಿಸಿದರು. ಮುಕ್ಕಾಲು ಗಂಟೆ ನಮ್ಮ ಗೊಣಗಾಟ ಕೇಳುತ್ತ ಅಲುಗಾಡದೆ ನಿಂತರು. ಮುನ್ನೂರು ಕಿಲೋ ಹೊತ್ತದ್ದಕ್ಕಿಂತ ಇದು ಕಡಿಮೆ ಬಲದ ಕೆಲಸವಲ್ಲ. ಅಧಿಕಾರಿಗಳೇ, ಮಳೆಗಾಲದಲ್ಲಿ ಒಬ್ಬನನ್ನೇ ಲೈನಿಗೆ ಕಳುಹಿಸಬೇಡಿ. ಕೆಳಗೆ ನಿಂತು “ಇನ್ನೂ ಬೇಡ” ಎನ್ನುವ ಎರಡನೆಯವನು ಇರಲೇಬೇಕು. ರಾತ್ರಿ ಹೊತ್ತು ಕಂಬ ಹತ್ತಿಸಬೇಡಿ. ಒಂದು ರಾತ್ರಿ ಹೆಚ್ಚು ಕತ್ತಲಲ್ಲಿರಲು ನಾವು ಸಿದ್ಧ. ಸರಿಯಾದ ಕೈಗವಸು, ಹರಿಯದ ರೇನ್‌ಕೋಟು, ತಲೆದೀಪ ಕೊಡಿ. ಗುತ್ತಿಗೆಯವರು ಹೊತ್ತ ಭಾರವೂ ಕಾಯಂ ನೌಕರರು ಹೊತ್ತ ಭಾರವೂ ಒಂದೇ ಕಂಬದ್ದು. ಬಿದ್ದಾಗ ಸಿಗುವ ಆಸರೆಯೂ ಒಂದೇ ಆಗಿರಲಿ. ಮಾರ್ಚ್ 4ನ್ನು ಲೈನ್‌ಮನ್ ದಿವಸ್ ಎಂದು ದೇಶದಲ್ಲಿ ಆಚರಿಸುತ್ತಾರೆ. ಆ ದಿನ ಹಾರ ಹಾಕುವ ಕೈಗಳೇ ಜೂನ್‌ನಲ್ಲಿ ಗವಸನ್ನೂ ಕೊಡಲಿ.

ಇನ್ನು ನಾವು. ನಮ್ಮ ಕೈಯಲ್ಲಿರುವುದೂ ಕಡಿಮೆಯಲ್ಲ.

ನಮ್ಮ ಫೀಡರ್‌ನಲ್ಲಿ ಜನರೇಟರ್ ಇಟ್ಟುಕೊಂಡ ಮನೆಗಳು ಈಗ ಹೆಚ್ಚಾಗಿವೆ. ಅವುಗಳಲ್ಲಿ ಕೆಲವಕ್ಕೆ ಚೇಂಜ್ ಓವರ್ ಸ್ವಿಚ್ ಇಲ್ಲ, ಅಂದರೆ ಮನೆಗೆ ಒಮ್ಮೆಗೆ ಲೈನಿನ ಕರೆಂಟನ್ನೋ ಜನರೇಟರಿನದ್ದನ್ನೋ ಒಂದನ್ನೇ ಕೊಡುವ ಸ್ವಿಚ್. ಪ್ಲಗ್ಗಿಗೆ ವೈರು ಚುಚ್ಚಿ ಇಡೀ ಮನೆಗೆ ಕೊಡುತ್ತಾರೆ. ಮೇನ್ ಸ್ವಿಚ್ ತೆಗೆಯಲು ಮರೆತರೆ ಆ ಕರೆಂಟ್ ನಿಮ್ಮ ಮನೆಯಲ್ಲೇ ನಿಲ್ಲುವುದಿಲ್ಲ. ಸರ್ವಿಸ್ ವೈರಿನಿಂದ ಹೊರಗೆ ಹೋಗಿ ಲೈನಿಗೆ ಸೇರುತ್ತದೆ, ಅಲ್ಲಿಂದ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ. 11,000 ವೋಲ್ಟನ್ನು ಮನೆಯ ಬಳಕೆಗೆ ಇಳಿಸಿ ಕೊಡುವ ಅದೇ ಟಿಸಿ, ಹಿಂದಿನಿಂದ ಬಂದ ಕರೆಂಟನ್ನು ಮತ್ತೆ ಸಾವಿರಾರು ವೋಲ್ಟಿಗೆ ಏರಿಸಿ ಕಂಬದ ಮೇಲಿನವನ ಕೈಗೆ ಕೊಡುತ್ತದೆ. ಎಲ್‌ಸಿ ತೆಗೆದುಕೊಂಡಿದ್ದಾನೆ, ಸ್ಟೇಷನ್ ಆಫ್ ಆಗಿದೆ, ತಂತಿ ಸತ್ತಿದೆ ಎಂದು ಅವನು ನಂಬಿರುತ್ತಾನೆ. ಎಷ್ಟು ಗಟ್ಟಿ ತೋಳಿದ್ದರೂ ಅಲ್ಲಿ ಪ್ರಯೋಜನವಿಲ್ಲ. ಟಿವಿ ನೋಡಲೆಂದು ನಾವು ಮಾಡಿದ ಅವಸರಕ್ಕೆ ಒಬ್ಬ ತಾಯಿಯ ಮಗ ಹೋಗಬಾರದು. ಜನರೇಟರ್ ಇರುವ ಎಲ್ಲರೂ ಈ ತಿಂಗಳೊಳಗೆ ಎಲೆಕ್ಟ್ರಿಷಿಯನ್ ಕರೆಸಿ ಆ ಸ್ವಿಚ್ ಹಾಕಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಬಹಳ ಮನೆಗಳಿಗೆ ಸೊನ್ನೆ ಬಿಲ್ ಬರುತ್ತಿದೆ. ನಮಗೂ ಬರುತ್ತಿದೆ, ಅದರಿಂದ ಅನುಕೂಲವಾಗಿದೆ. ಆ ಸೊನ್ನೆಯನ್ನು ನೋಡುವಾಗ ನನಗೆ ಈಗ ಆ ಮಡಚಿದ ಬೆರಳುಗಳು ಕಾಣುತ್ತವೆ. ಲೈನ್ ಮೇಲೆ ಮರ ಬಿದ್ದರೆ ಎಲ್ಲಿ, ಯಾರ ತೋಟದಲ್ಲಿ, ಯಾವ ಕಂಬದ ಹತ್ತಿರ ಎಂದು ವಿದ್ಯುತ್ ಸಹಾಯವಾಣಿ 1912ಕ್ಕೆ ಒಬ್ಬರು ಸರಿಯಾಗಿ ತಿಳಿಸಿದರೆ ಲೈನ್‌ಮನ್‌ಗಳ ಅರ್ಧ ದಿನದ ನಡಿಗೆ ಉಳಿಯುತ್ತದೆ. ಸಿಗ್ನಲ್ ಸಿಗದಿದ್ದರೆ ಸಿಗುವ ಗುಡ್ಡಕ್ಕೆ ಒಬ್ಬ ಹುಡುಗನನ್ನು ಕಳುಹಿಸಿ. ತುಂಡಾದ ತಂತಿಯ ಹತ್ತಿರ ದನವಾಗಲಿ ಮಕ್ಕಳಾಗಲಿ ಹೋಗದಂತೆ ಕಾಯಿರಿ. ಕೆಲಸಕ್ಕೆ ಬಂದವರನ್ನು ಜಗುಲಿಗೆ ಕರೆಯಿರಿ. ಒಣ ಬಟ್ಟೆ, ಚಳಿ ಕಾಯಿಸಲು ಹೊಡತಲಿನ ಬೆಂಕಿ, ಬಿಸಿ ನೀರು ಕೊಡಿ. ಅವರು ಕೇಳುವುದಿಲ್ಲ. ಅವರ ಜಾತಿ ಕೇಳಿ ಅಂಗಳದಲ್ಲೇ ನಿಲ್ಲಿಸಿದ ಮನೆಗಳು ನಮ್ಮಲ್ಲಿವೆ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಅವರು ಜೋಡಿಸಿದ ತಂತಿಯಲ್ಲಿ ಬಂದ ಬೆಳಕು ಅಂಗಳದಲ್ಲಿ ನಿಂತಿಲ್ಲ, ದೇವರ ಕೋಣೆಯವರೆಗೂ ಹೋಗಿದೆ.

ಮಕ್ಕಳಿಗೂ ತೋರಿಸಿ. ನಮ್ಮ ಮನೆಯ ಪಕ್ಕದ ಏಳನೇ ತರಗತಿಯ ಹುಡುಗ ಆ ದಿನ ಶಾಲೆಗೆ ರಜೆ ಇದ್ದುದರಿಂದ ಗುಂಡಿಯ ಹತ್ತಿರವೇ ಇದ್ದ. ನೀರು ಎತ್ತಲು ಬಕೆಟ್ ಹಿಡಿದ. ಸಂಜೆ ಆ ಪವರ್‌ಮ್ಯಾನ್ ಹುಡುಗ ಕಂಬದಿಂದ ಇಳಿದಾಗ ಅವನ ಬೂಟಿನ ಹಸಿ ಲೇಸನ್ನು ಬಿಚ್ಚಿಕೊಟ್ಟವನು ಇವನೇ. ಅವನ ಬೆರಳಿಗೆ ಅದು ಆಗುತ್ತಿರಲಿಲ್ಲವಲ್ಲ. ಯಾರೂ ಇವನಿಗೆ ಮಾಡೆಂದು ಹೇಳಿರಲಿಲ್ಲ.

ಈಗ ಕೃತ್ತಿಕೆ ಮಳೆ ನಡೆಯುತ್ತಿದೆ. ಮೃಗಶಿರಕ್ಕೆ ಮೂರು ವಾರವೂ ಇಲ್ಲ. ನಮ್ಮ ತೋಟದಿಂದ ದೊಡ್ಡ ಹಳ್ಳದ ಸೇತುವೆಯವರೆಗೆ ಲೈನಿನ ಮೇಲೆ ಬಾಗಿದ ಮರಗಳನ್ನು ನಾನು ಮತ್ತು ನನ್ನ ಯಜಮಾನರು ನಡೆದು ಎಣಿಸಿದ್ದೇವೆ. ಇಪ್ಪತ್ತಮೂರು ಇವೆ. ಅವುಗಳಲ್ಲಿ ಹದಿನೇಳು ಖಾಸಗಿ ತೋಟಗಳಲ್ಲಿವೆ, ಅಂದರೆ ನಮ್ಮವೇ. ಉಳಿದ ಆರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಾಗಿದೆ. ಸೆಕ್ಷನ್ ಕಚೇರಿಯಲ್ಲಿ ಮಾತಾಡಿದ್ದೇನೆ. ಬರುವ ಭಾನುವಾರ ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಎಲ್‌ಸಿ ಕೊಡಿಸುವುದಾಗಿ ಒಪ್ಪಿದ್ದಾರೆ, ಇಬ್ಬರು ಪವರ್‌ಮ್ಯಾನ್‌ಗಳು ಬರುತ್ತಾರೆ. ಅವರು ಸರಿ ಎನ್ನುವವರೆಗೆ ಯಾರೂ ಕೊಂಬೆ ಮುಟ್ಟಬಾರದು. ಗಂಡಸರು ಕತ್ತಿ, ಗರಗಸ, ಗಟ್ಟಿ ಹಗ್ಗ ತರಲಿ. ಗ್ರಾಮಸಭೆಯಲ್ಲಿ ಎದ್ದು ಮಾತಾಡಿದವರೂ ಬರಬೇಕೆಂದು ವಿಶೇಷವಾಗಿ ಕರೆಯುತ್ತೇನೆ. ಅವರ ತೋಟದ ಎರಡು ಮರಗಳಿಗೆ ಏಣಿ ಬೇಕು, ಅದನ್ನು ನಾವೇ ತರುತ್ತೇವೆ. ತಿಂಡಿ ನಮ್ಮ ಮನೆಯಲ್ಲಿ.

ಇಂತಿ,
ನಿಮ್ಮದೇ ಫೀಡರ್‌ನ ಒಬ್ಬ ಗ್ರಾಹಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ